ಜೆರಿಕೊ ದಾರಿಯೂ ನಮ್ಮ ಹೆದ್ದಾರಿಯೂ
(ಶತಮಾನೋತ್ಸವ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಈ ದೇವಾಲಯದ ಗೋಡೆ, ಘಂಟೆ, ಪೀಠಗಳ ಚರಿತ್ರೆಯನ್ನು ಬಲ್ಲ ಹಿರಿಯರು ಈಗಾಗಲೇ ಮಾತನಾಡಿದ್ದಾರೆ. ಅದನ್ನೇ ಪುನಃ ಹೇಳಿ ತಮ್ಮ ಸಮಯವನ್ನು ನಾವು ತೆಗೆದುಕೊಳ್ಳುವುದಿಲ್ಲ. ದೇವಾಲಯದ ಬಾಗಿಲು ದಾಟಿದೊಡನೆ ನಮ್ಮ ಕಾಲಿಗೆ ಸಿಗುವ ರಸ್ತೆಯನ್ನು ಕುರಿತು ಮಾತ್ರ ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿರುವ ಸಮಾರಿಯದವನ ಸಾಮತಿಯನ್ನು ಕೇಳದವರು ಈ ಸಭೆಯಲ್ಲಿ ಇರಲಾರರು. ಜೆರುಸಲೇಮ್ ಬೆಟ್ಟದ ಮೇಲಿನ ಪಟ್ಟಣ. ಜೆರಿಕೊ ಕೆಳಗಿನ ಕಣಿವೆಯದು. ನಡುವಿನ ದಾರಿ ಸುಮಾರು 27 ಕಿಲೋಮೀಟರು. ಅಷ್ಟರೊಳಗೆ ಅದು ಸಾವಿರ ಮೀಟರಿನಷ್ಟು ಇಳಿಯುತ್ತದೆ. ಸಂಡೂರಿನ ಗುಡ್ಡಗಳ ನಡುವಣ ತಿರುವುಗಳನ್ನು ಹೊತ್ತು ಮುಳುಗಿದ ಮೇಲೆ ದಾಟಿದವರಿಗೆ ಅಂಥ ದಾರಿಯ ಭಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಳ್ಳರ ಪೆಟ್ಟು ತಿಂದ ಪ್ರಯಾಣಿಕನೊಬ್ಬ ಅಲ್ಲಿ ಅರೆಜೀವವಾಗಿ ಬಿದ್ದಿದ್ದಾನೆ. ಯಾಜಕನೊಬ್ಬನು ಬಂದನು, ನೋಡಿದನು, ಬದಿಗೆ ಸರಿದು ನಡೆದನು. ಲೇವಿಯನೂ ಹಾಗೆಯೇ ಮಾಡಿದನು. ನಿಂತವನು, ಯೆಹೂದ್ಯರು ದೂರವಿಟ್ಟಿದ್ದ ಸಮಾರಿಯದವನು.

ಯಾಜಕನ ಪರವಾಗಿ ವಕಾಲತ್ತು ವಹಿಸುವ ಪಂಡಿತರುಂಟು. ಹೆಣವನ್ನು ಮುಟ್ಟಿದವನಿಗೆ ಏಳು ದಿನ ಮೈಲಿಗೆಯೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸಿತ್ತು. ಬಿದ್ದವನು ಸತ್ತಿದ್ದರೆ ಪೂಜೆ ತಪ್ಪುತ್ತಿತ್ತಲ್ಲವೇ ಎಂಬುದು ಅವರ ವಾದ. ಆದರೆ ಆ ಯಾಜಕನು ದಾರಿಯಲ್ಲಿ ಇಳಿದು ಹೋಗುತ್ತಿದ್ದನೆಂದು ಸಂತ ಲೂಕನು ಸ್ಪಷ್ಟವಾಗಿ ಬರೆದಿದ್ದಾನೆ. ಅಂದರೆ ಅವನ ಬೆನ್ನು ಜೆರುಸಲೇಮಿನ ಕಡೆಗಿತ್ತು. ಅವನು ದೇವಾಲಯದ ಸೇವೆಗೆ ಏರಿ ಹೋಗುತ್ತಿರಲಿಲ್ಲ. ಆ ನೆಪವೂ ಅವನಿಗಿರಲಿಲ್ಲ. ನಿಲುವಂಗಿ ತೊಟ್ಟ ನಮ್ಮಂಥವರು ಈ ಒಂದು ಶಬ್ದವನ್ನು ಸ್ವಲ್ಪ ನಿಧಾನವಾಗಿ ಓದುವುದು ಒಳ್ಳೆಯದು.

ಇನ್ನೊಂದು ಸಂಗತಿ. ಬಿದ್ದವನ ಜಾತಿ, ಕುಲ, ಊರು ಯಾವುದನ್ನೂ ಯೇಸುಸ್ವಾಮಿ ಹೇಳಲಿಲ್ಲ. ಕಳ್ಳರು ಅವನ ಬಟ್ಟೆಯನ್ನೂ ಕಿತ್ತುಕೊಂಡಿದ್ದರು, ಉಡುಪಿನಿಂದ ಗುರುತಿಸುವಂತಿಲ್ಲ. ಅರೆಜೀವವಾಗಿದ್ದವನ ಮಾತಿನಿಂದಲೂ ತಿಳಿಯುವಂತಿಲ್ಲ. ಉಳಿದಿದ್ದು ಬರಿಯ ಮನುಷ್ಯ. ಜಗದ್ಗುರು ಫ್ರಾನ್ಸಿಸರು 2020ರ ಅಕ್ಟೋಬರಿನಲ್ಲಿ ಹೊರಡಿಸಿದ 'ಫ್ರತೆಲ್ಲಿ ತೂತ್ತಿ' ಎಂಬ ವಿಶ್ವಪತ್ರದ ಎರಡನೆಯ ಅಧ್ಯಾಯವನ್ನು ಇಡಿಯಾಗಿ ಈ ಸಾಮತಿಗೇ ಮೀಸಲಿಟ್ಟರು. ಜಗತ್ತು ಮಹಾರೋಗದಿಂದ ಬಾಗಿಲು ಮುಚ್ಚಿಕೊಂಡಿದ್ದ ವರ್ಷ ಅದು.

ನಮ್ಮ ಹೊಸಪೇಟೆ ದಾರಿಗಳು ಕೂಡುವ ಊರು. ಚಿತ್ರದುರ್ಗದಿಂದ ಸೊಲ್ಲಾಪುರದ ಕಡೆಗೆ ಸಾಗುವ 50ನೆಯ ರಾಷ್ಟ್ರೀಯ ಹೆದ್ದಾರಿಯೂ, ಹುಬ್ಬಳ್ಳಿಯಿಂದ ಬಳ್ಳಾರಿಯ ಕಡೆಗೆ ಸಾಗುವ 67ನೆಯ ಹೆದ್ದಾರಿಯೂ ಇಲ್ಲಿ ಸಂಧಿಸುತ್ತವೆ. ಸಂಡೂರಿನ ಅದಿರು ಲಾರಿಗಳು, ಕಂಪ್ಲಿಯ ಭತ್ತದ ಟ್ರ್ಯಾಕ್ಟರುಗಳು, ಹಂಪಿಗೆ ಬರುವ ಪರದೇಶದ ಪ್ರವಾಸಿಗಳು, ಹುಣ್ಣಿಮೆಗೆ ಹುಲಿಗಿಯ ಅಮ್ಮನ ದರ್ಶನಕ್ಕೆ ಹೋಗುವ ಭಕ್ತರು, ಎಲ್ಲರಿಗೂ ಇವೇ ದಾರಿಗಳು. ಇಲ್ಲಿ ಬೀಳುವವನು ಬಹುಮಟ್ಟಿಗೆ ನಮಗೆ ಅಪರಿಚಿತನೇ ಆಗಿರುತ್ತಾನೆ.

ಇದೇ 67ನೆಯ ಹೆದ್ದಾರಿಯ ಮೇಲಿರುವ ನೆರೆಯ ಕೊಪ್ಪಳದಲ್ಲಿ 2017ರ ಫೆಬ್ರವರಿ ಆರಂಭದಲ್ಲಿ ನಡೆದುದನ್ನು ತಾವು ಮರೆತಿರಲಾರಿರಿ. ಸೈಕಲ್ಲಿನಲ್ಲಿ ಹೊರಟಿದ್ದ ಹದಿನೆಂಟು ವರ್ಷದ ಹುಡುಗನಿಗೆ ಬಸ್ಸು ಬಡಿಯಿತು. ರಕ್ತದ ಮಡುವಿನಲ್ಲಿ ಬಿದ್ದು ಅವನು ಸಹಾಯಕ್ಕೆ ಅಂಗಲಾಚುತ್ತಿದ್ದನು. ಸುತ್ತ ಜನ ನೆರೆದರು. ಕೆಲವರು ಮೊಬೈಲಿನಲ್ಲಿ ಚಿತ್ರ ತೆಗೆದರು. ಸುಮಾರು ಇಪ್ಪತ್ತೈದು ನಿಮಿಷ ಹಾಗೆಯೇ ಕಳೆಯಿತೆಂದು ಪತ್ರಿಕೆಗಳು ಬರೆದವು. ಹುಡುಗ ಉಳಿಯಲಿಲ್ಲ.

ಅಲ್ಲಿ ನಿಂತಿದ್ದವರೆಲ್ಲ ಕ್ರೂರಿಗಳೇ? ನಾವು ಹಾಗೆ ನಂಬುವುದಿಲ್ಲ. ಅವರಲ್ಲಿ ಅನೇಕರು ಮನೆಗೆ ಹೋಗಿ ಅನ್ನ ಸೇರದೆ ಮಲಗಿರಬಹುದು. ಕೈಯನ್ನು ಹಿಡಿದು ನಿಲ್ಲಿಸಿದ್ದು ಭಯ. ಮುಟ್ಟಿದರೆ ಪೊಲೀಸರು ನಮ್ಮನ್ನೇ ಕೇಳುತ್ತಾರೆ, ಕೋರ್ಟಿಗೆ ಅಲೆಸುತ್ತಾರೆ, ಆಸ್ಪತ್ರೆಯಲ್ಲಿ ಹಣ ಕಟ್ಟೆನ್ನುತ್ತಾರೆ ಎಂಬ ಮಾತನ್ನು ನಾವು ಎಷ್ಟೋ ಮನೆಗಳಲ್ಲಿ ಕೇಳಿದ್ದೇವೆ. ಒಂದು ಕಾಲದಲ್ಲಿ ಆ ಭಯಕ್ಕೆ ಆಧಾರವಿತ್ತು. ಈಗ ಇಲ್ಲ, ಇದನ್ನು ತಾವು ಮನೆಮನೆಗೆ ಮುಟ್ಟಿಸಬೇಕು. 2016ರ ಮಾರ್ಚ್ 30ರಂದು ಸರ್ವೋಚ್ಚ ನ್ಯಾಯಾಲಯವು ನೆರವಾದವರ ರಕ್ಷಣೆಯ ನಿಯಮಗಳನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಎಂಬ ಕಲಮು ಸೇರಿತು. ಸದ್ಭಾವದಿಂದ ಗಾಯಾಳುವಿಗೆ ನೆರವಾದವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಅವನ ಹೆಸರು, ವಿಳಾಸ ಕೊಡೆಂದು ಬಲಾತ್ಕರಿಸುವಂತಿಲ್ಲ. ಸಾಕ್ಷಿಯಾಗುವುದು ಅವನ ಇಚ್ಛೆಗೆ ಬಿಟ್ಟದ್ದು. ಈ ಕಾನೂನು ಇಂಥವನನ್ನು ಕರೆಯುವ ಹೆಸರು ಇಂಗ್ಲಿಷಿನಲ್ಲಿ 'ಗುಡ್ ಸಮಾರಿಟನ್'. ಎರಡು ಸಾವಿರ ವರ್ಷಗಳ ಹಿಂದೆ ಯೇಸುಸ್ವಾಮಿ ಹೇಳಿದ ಕಥೆಯ ಪಾತ್ರ ಭಾರತದ ಶಾಸನದೊಳಗೆ ಬಂದು ಕುಳಿತಿದೆ! ಉಪಕಾರ ಮಾಡಿದವನಿಗೆ 25,000 ರೂಪಾಯಿ ಬಹುಮಾನ ಕೊಡುವ ಯೋಜನೆಯನ್ನೂ 2025ರಲ್ಲಿ ಕೇಂದ್ರ ಸರ್ಕಾರ ತಂದಿತು. ಬಹುಮಾನದ ಆಸೆಗೆ ನಿಲ್ಲುವವನನ್ನು ನಾವು ಹಳಿಯುವುದಿಲ್ಲ. ಬಿದ್ದವನಿಗೆ ಬೇಕಾದದ್ದು ನಿಂತವನ ಕೈ.

ಕಾನೂನು ಭಯವನ್ನು ತೆಗೆಯಬಲ್ಲದು, ಕಾಲನ್ನು ಮುಂದಿಡಿಸಲಾರದು. ಅದು ವಿಶ್ವಾಸದ ಕೆಲಸ. ಆ ವಿಶ್ವಾಸಕ್ಕೂ ಸ್ವಲ್ಪ ವಿದ್ಯೆ ಬೇಕು. ಸಮಾರಿಯದವನು ಕಣ್ಣೀರು ಹಾಕಿದನೆಂದು ಶುಭಸಂದೇಶದಲ್ಲಿಲ್ಲ. ಎಣ್ಣೆ, ದ್ರಾಕ್ಷಾರಸಗಳನ್ನು ಹೊಯ್ದು ಗಾಯಗಳನ್ನು ಕಟ್ಟಿದನೆಂದಿದೆ. ಅವನಿಗೆ ಕಟ್ಟಲು ಬರುತ್ತಿತ್ತು. ನಮಗೆ ಬರುತ್ತದೆಯೇ? ಮೊದಲು ಹಿಂದಿನಿಂದ ಬರುವ ವಾಹನಗಳಿಗೆ ಒಬ್ಬರು ಎಚ್ಚರಿಕೆ ಕೊಡಬೇಕು. 108 ಅಥವಾ 112ಕ್ಕೆ ಕರೆ ಮಾಡಿ ಸ್ಥಳವನ್ನು ಸರಿಯಾಗಿ ಹೇಳಬೇಕು. ರಕ್ತ ಹರಿಯುವಲ್ಲಿ ಶುಭ್ರವಾದ ಬಟ್ಟೆಯಿಟ್ಟು ಬಲವಾಗಿ ಒತ್ತಿ ಹಿಡಿಯಬೇಕು. ಮತ್ತೆ ಮತ್ತೆ ತೆಗೆದು ನೋಡಬಾರದು. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹಾಕಲೇಬಾರದು. ನಮ್ಮ ಜನ ಕರುಣೆಯಿಂದಲೇ ಮೊದಲು ಮಾಡುವುದು ಅದನ್ನು, ಆ ನೀರು ಉಸಿರಿನ ದಾರಿಗೆ ಹೋಗುತ್ತದೆ. ಕುತ್ತಿಗೆಯನ್ನು ತಿರುಚಬಾರದು, ಎಳೆದಾಡಬಾರದು.

ನಮ್ಮ ಇನ್ನೊಂದು ದಾರಿ ತುಂಗಭದ್ರೆ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುವುದನ್ನು ನೋಡಿದ್ದೇವೆ. 2019ರ ಆಗಸ್ಟಿನಲ್ಲಿ ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗಳು ಪ್ರವಾಹದ ನಡುವೆ ಸಿಕ್ಕಿಬಿದ್ದರು. ದೋಣಿಗಳಿಂದಲೂ ಹೆಲಿಕಾಪ್ಟರಿನಿಂದಲೂ ಅವರನ್ನು ಪಾರುಮಾಡಬೇಕಾಯಿತು. ಆಗ ರಕ್ಷಣಾ ತಂಡದ ದೋಣಿಯೊಂದೇ ಮಗುಚಿ, ಅದರಲ್ಲಿದ್ದವರು ಕಷ್ಟದಿಂದ ಬದುಕಿಕೊಂಡರು. ತರಬೇತಿ ಪಡೆದವರ ಪಾಡೇ ಇದಾದರೆ, ಈಜು ಬಾರದ ತರುಣರು ಗೆಳೆಯನ ಹಿಂದೆ ನದಿಗೆ ಹಾರುವುದನ್ನು ಏನೆನ್ನೋಣ? ಅದನ್ನು ತ್ಯಾಗವೆಂದು ಹೊಗಳಲು ನಮಗೆ ಮನಸ್ಸಿಲ್ಲ. ಒಂದು ಮನೆಯ ಶೋಕ ಎರಡು ಮನೆಗಳದಾಗುತ್ತದೆ. ದಡದಲ್ಲಿ ನಿಂತೇ ಹಗ್ಗ ಎಸೆಯಿರಿ, ಉದ್ದನೆಯ ಗಳ ಚಾಚಿರಿ, ಸೀರೆಯನ್ನು ಹೊಸೆದು ಬಿಡಿ. ಬಾಯಿ ಮುಚ್ಚಿದ ಖಾಲಿ ಪ್ಲಾಸ್ಟಿಕ್ ಕ್ಯಾನು ಕೂಡ ಮನುಷ್ಯನನ್ನು ತೇಲಿಸುತ್ತದೆ. ಹರಿಗೋಲಿನವರನ್ನು ಕೂಗಿ ಕರೆಯಿರಿ. ಆ ನೀರಿನ ಸುಳಿಗಳನ್ನು ನಮಗಿಂತ ಅವರು ಬಲ್ಲರು.

ಸಾಮತಿಯಲ್ಲಿ ನಾವು ಸಾಮಾನ್ಯವಾಗಿ ಮರೆಯುವ ಒಬ್ಬ ವ್ಯಕ್ತಿಯಿದ್ದಾನೆ: ಛತ್ರದವನು. ಸಮಾರಿಯದವನು ಮರುದಿನ ಅವನ ಕೈಗೆ ಎರಡು ದಿನಗಳ ಕೂಲಿಯಷ್ಟು ಹಣವಿತ್ತು, ಹೆಚ್ಚಾದರೆ ಮರಳಿ ಬರುವಾಗ ಕೊಡುವೆನೆಂದು ಹೇಳಿ ತನ್ನ ಕೆಲಸಕ್ಕೆ ಹೋದನು. ರಾತ್ರಿಯೆಲ್ಲ ಎದ್ದು ಗಾಯಾಳುವನ್ನು ಮುಂದೆ ನೋಡಿಕೊಂಡವನು ಛತ್ರದವನೇ. ಲ್ಯಾಟಿನ್ ಭಾಷೆಯಲ್ಲಿ 'ಹೋಸ್ಪೆಸ್' ಎಂದರೆ ಅತಿಥಿ, ಅಪರಿಚಿತ ಎಂಬ ಎರಡು ಅರ್ಥಗಳೂ ಉಂಟು. 'ಹಾಸ್ಪಿಟಲ್' ಎಂಬ ಮಾತು ಹುಟ್ಟಿದ್ದು ಅದರಿಂದ. ಈ ಸಭೆಯಲ್ಲಿರುವ ದಾದಿಯರು, ಆಂಬ್ಯುಲೆನ್ಸಿನ ಚಾಲಕರು, ಆಸ್ಪತ್ರೆಯ ಆಯಾಗಳು ಆ ಛತ್ರದವನ ವಂಶದವರು.

ಬಿದ್ದವನೇ ಸಮಾರಿಯದವನಾದ ಒಂದು ಘಟನೆಯೂ ನಮ್ಮ ನಾಡಿನಲ್ಲುಂಟು. 2016ರ ಫೆಬ್ರವರಿ 16ರಂದು ನೆಲಮಂಗಲದ ಬಳಿ ಲಾರಿಯ ಕೆಳಗೆ ಸಿಕ್ಕಿ ದೇಹವೇ ತುಂಡಾದ ಹರೀಶ್ ಎಂಬ ಯುವಕನು, ತನ್ನ ಅಂಗಗಳನ್ನು ದಾನ ಮಾಡಿರೆಂದು ಸುತ್ತಲಿದ್ದವರನ್ನು ಬೇಡಿಕೊಂಡನು. ಅವನ ಕಣ್ಣುಗಳು ದಾನವಾದವು. ಮರುತಿಂಗಳೇ ರಾಜ್ಯ ಸರ್ಕಾರವು ಅವನ ಹೆಸರಿನಲ್ಲಿ, ಅಪಘಾತಕ್ಕೀಡಾದವರಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗೆ ಕೊಡುವ ಯೋಜನೆಯನ್ನು ಆರಂಭಿಸಿತು. ಕರ್ನಾಟಕದ ರಸ್ತೆಯಲ್ಲಿ ಬಿದ್ದವನು ಯಾವ ರಾಜ್ಯದವನಾದರೂ ಸರಿ ಎಂಬುದು ಅದರ ನಿಯಮವಾಗಿತ್ತು.

ಶತಮಾನೋತ್ಸವದ ನೆನಪಿಗೆ ಏನು ಕಟ್ಟಿಸೋಣವೆಂದು ಧರ್ಮಕೇಂದ್ರದ ಸಮಿತಿಯವರು ನಮ್ಮನ್ನು ಕೇಳಿದ್ದರು. ಕಮಾನು, ಗ್ರೊಟ್ಟೊ ಎಂಬ ಸಲಹೆಗಳು ಬಂದಿವೆ, ಅವು ಆಗಲಿ. ಅದಕ್ಕೆ ಮುಂಚೆ, ಮುಂದಿನ ಭಾನುವಾರದ ಎರಡನೆಯ ಬಲಿಪೂಜೆಯ ಬಳಿಕ ಶಾಲೆಯ ಸಭಾಂಗಣದಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಇಟ್ಟಿದ್ದೇವೆ. ಲಾರಿ, ಆಟೋ ಓಡಿಸುವವರು ತಪ್ಪದೆ ಬರಬೇಕು. ಇತರ ಧರ್ಮಗಳವರಿಗೂ ಅಷ್ಟೇ ಆದರದ ಆಹ್ವಾನ. ಗಾಯ ಕಟ್ಟುವುದನ್ನು ಕಲಿಯಲು ಬಟ್ಟೆ ಬೇಕಾಗಿದೆ. ಮನೆಯಲ್ಲಿರುವ ಹಳೆಯ ಹತ್ತಿಯ ಪಂಚೆ, ಸೀರೆಗಳನ್ನು ಒಗೆದು ಒಣಗಿಸಿ ಶನಿವಾರ ಸಂಜೆಯೊಳಗೆ ಕನ್ಯಾಸ್ತ್ರೀಯರ ಕೈಗೆ ಒಪ್ಪಿಸಬೇಕೆಂದು ಕೋರುತ್ತೇವೆ.