ಸೌದೆಗೊಂದು ಕತ್ತಿ



ಪುತ್ತೂರು, ಸುಳ್ಯ, ಕಡಬದ ಕಡೆ ಪತ್ತನಾಜೆಯೊಳಗೆ ಬಚ್ಚಲೊಲೆಯ ಸೌದೆ ಕೊಟ್ಟಿಗೆ ಸೇರಬೇಕಷ್ಟೆ. ಅದಕ್ಕೆ ಕತ್ತಿ ಕೊಳ್ಳುವಾಗ ಹೊಳಪು ನೋಡಿ ಮೋಸಹೋಗಬೇಡಿ. ನಾನೇ ಒಮ್ಮೆ ಸಂತೆಯಿಂದ ಅಗ್ಗದ್ದೊಂದು ತಂದೆ. ಮೂರನೆಯ ಏಟಿಗೇ ಅಲಗು ಕಳಚಿ ಮೊಣಕಾಲಿನ ಪಕ್ಕದಲ್ಲೇ ಹಾರಿಹೋಯಿತು! ಅಲಗಿನ ಬಾಲ ಮರದ ಹಿಡಿಯ ತುದಿಯವರೆಗೂ ಹೋಗಿ, ಆಚೆ ಮಡಚಿ ಬಡಿದಿದೆಯೋ ನೋಡಿರಿ.

ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಊರ ಆಚಾರಿಯವರು ಬಡಿದುಕೊಡುವ ಕತ್ತಿ ಕಡಿಮೆ ಕ್ರಯದಲ್ಲಿ ಬಹುಕಾಲ ಬಾಳುತ್ತದೆ. ಅವರನ್ನೇ ಕೇಳಿ, ಬಾಯಿಗೆ ಅರ ತಾಗಿಸಿ. ಸಲೀಸಾಗಿ ಕೊರೆದರೆ ಹದ ಸಾಲದು. ಚೂರೂ ಹಿಡಿಯದೆ ಜಾರಿದರೆ ಗಂಟಿಗೆ ಬಡಿದಾಗ ಚಕ್ಕೆ ಏಳುವ ಭಯ.

ರಬ್ಬರಿನ ಕೊಂಬೆ, ತೆಂಗಿನ ಮಡಲು, ಇವಕ್ಕೆ ಕತ್ತಿ ಸಾಕು. ಹಲಸಿನ ಗಂಟು ಸೀಳಲು ಕೊಡಲಿಯೇ ಬೇಕು. ಕತ್ತಿಯ ಬೆನ್ನಿಗೆ ಬಡಿಗೆಯಿಂದ ಹೊಡೆಯುವ ಸಾಹಸ ಬೇಡಿ.