ಚಿತ್ರಕಥೆಯಲ್ಲಿ ಚಿತ್ರಗಾರ್ತಿಯ ಬದುಕು
(ರಾಜಾಜಿನಗರದಲ್ಲಿ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸ)



ಮಕ್ಕಳ ಕೈಯಲ್ಲಿ ಕಾಮಿಕ್ಸ್ ಕಂಡರೆ “ಅದನ್ನಿಟ್ಟು ಪಾಠ ಓದು” ಎನ್ನುವ ಹೆತ್ತವರು ಈ ಸಭೆಯಲ್ಲೂ ಇದ್ದೀರಿ. ನಿಮಗೊಂದು ಸಂಗತಿ ಹೇಳುತ್ತೇನೆ. ದೇಶಕ್ಕೆಲ್ಲ ಗೊತ್ತಿರುವ ಅಮರ ಚಿತ್ರಕಥೆ ಮೊದಲು ಹೊರಬಂದದ್ದು ನಮ್ಮ ಬೆಂಗಳೂರಿನಿಂದ, ಅದೂ ಕನ್ನಡದಲ್ಲಿ. 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಇಲ್ಲಿನ ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು ಪಾಶ್ಚಾತ್ಯ ಮಕ್ಕಳ ಕಥೆಗಳ ಹತ್ತು ಪುಸ್ತಕಗಳನ್ನು ಕನ್ನಡಕ್ಕೆ ತಂದರು. ಆಮೇಲೆ ಕಾರ್ಕಳದವರಾದ ಅನಂತ ಪೈ ಅವರ ಸಂಪಾದಕತ್ವದಲ್ಲಿ ಇಂಗ್ಲಿಷ್ ಮಾಲೆ ಶುರುವಾದಾಗ ‘ಕೃಷ್ಣ’ ಪುಸ್ತಕಕ್ಕೆ ಬಿದ್ದದ್ದು 11ನೇ ಸಂಖ್ಯೆ.

ರಾಜರ, ವೀರರ ಬದುಕು ಚಿತ್ರಕಥೆಯಾಗುವುದಾದರೆ ಚಿತ್ರಗಾರರದ್ದೂ ಆಗಬೇಡವೇ? ಮೆಕ್ಸಿಕೋದ ಫ್ರೀಡಾ ಕಾಹ್ಲೋ ಅವರದ್ದಂತೂ ಆಗಲೇಬೇಕು. ಏಕೆಂದರೆ ಆಕೆ ತನ್ನ ಕಥೆಯನ್ನು ತಾನೇ ಚಿತ್ರಗಳಲ್ಲಿ ಹೇಳಿಕೊಂಡವರು.

ಫ್ರೀಡಾ ಹುಟ್ಟಿದ್ದು 1907ರಲ್ಲಿ. ಆರನೇ ವಯಸ್ಸಿಗೆ ಪೋಲಿಯೋ ತಗುಲಿ ಬಲಗಾಲು ಸಣ್ಣದಾಯಿತು. ಜೊತೆಯ ಮಕ್ಕಳು ಗೇಲಿ ಮಾಡಿದರು. ಹುಡುಗಿಗೆ ವೈದ್ಯೆಯಾಗುವ ಆಸೆ. 1925ರ ಸೆಪ್ಟೆಂಬರ್ 17ರಂದು ಆಕೆ ಕೂತಿದ್ದ ಬಸ್ಸಿಗೆ ಟ್ರಾಮ್ ಬಡಿಯಿತು. ಬೆನ್ನುಮೂಳೆ ಮುರಿಯಿತು, ಕಬ್ಬಿಣದ ಸರಳು ದೇಹವನ್ನು ತೂರಿತು. ತಿಂಗಳುಗಟ್ಟಲೆ ಹಾಸಿಗೆ. ಮಲಗಿಯೇ ಬರೆಯಲು ಅನುಕೂಲವಾಗುವ ಚೌಕಟ್ಟೊಂದನ್ನು ತಾಯಿ ಮಾಡಿಸಿಕೊಟ್ಟರು, ತಲೆಯ ಮೇಲೆ ಕನ್ನಡಿ ಕಟ್ಟಿಸಿದರು. ಎದುರಿಗೆ ಕಾಣುವುದು ತನ್ನದೇ ಮುಖ. ಅದನ್ನೇ ಬರೆಯುತ್ತಾ ಹೋದರು.

1929ರಲ್ಲಿ ಆಕೆ ಬರೆದ ‘ಬಸ್ಸು’ ಎಂಬ ಚಿತ್ರವನ್ನು ಗಮನಿಸಿ. ಮರದ ಬೆಂಚಿನ ಮೇಲೆ ಬುಟ್ಟಿ ಹಿಡಿದ ಗೃಹಿಣಿ, ಕಾರ್ಮಿಕ, ಕೂಸನ್ನು ಹೊದಿಸಿಕೊಂಡ ಬರಿಗಾಲ ತಾಯಿ, ಕಿಟಕಿಯಾಚೆ ನೋಡುವ ಹುಡುಗ, ಹಣದ ಚೀಲದ ಸಾಹೇಬ, ಒಬ್ಬ ಯುವತಿ. ನಮ್ಮ ಕೆಂಗೇರಿ ಬಸ್ಸಿನಲ್ಲಿ ಕೂತವರ ಹಾಗೆಯೇ! ಅಪಘಾತದ ಸುಳಿವೇ ಇಲ್ಲ. ಮುಂದಿನ ಕ್ಷಣ ನೋಡುವವರ ಮನಸ್ಸಿಗೆ ಬಿಟ್ಟದ್ದು. ಕಾಮಿಕ್ಸ್‌ನಲ್ಲಿ ಎರಡು ಚೌಕಗಳ ನಡುವಿನ ಖಾಲಿ ಜಾಗ ಮಾಡುವ ಕೆಲಸವೂ ಇದೇ.

ಇನ್ನೊಂದು ಸ್ವಾರಸ್ಯವಿದೆ. ಆಪತ್ತಿನಿಂದ ಪಾರಾದ ಮೆಕ್ಸಿಕೋದ ಜನ ಪುಟ್ಟ ತಗಡಿನ ಮೇಲೆ ಆ ಘಟನೆಯ ಚಿತ್ರ ಬರೆಸಿ, ಕೆಳಗೆ ಕೃತಜ್ಞತೆಯ ನಾಲ್ಕು ಸಾಲು ಸೇರಿಸಿ ಚರ್ಚಿಗೆ ಒಪ್ಪಿಸುವ ಪದ್ಧತಿಯಿತ್ತು. ಯಾರದೋ ಅಪಘಾತದ ಇಂಥ ತಗಡೊಂದು ಫ್ರೀಡಾಗೆ ಸಿಕ್ಕಿತು. ಬಸ್ಸಿನ ಮೇಲೆ ತನ್ನೂರು ಕೊಯೊಅಕಾನ್ ಹೆಸರು ಬರೆದರು, ಬಿದ್ದ ಹುಡುಗಿಗೆ ತನ್ನ ಕೂಡುಹುಬ್ಬು ತಿದ್ದಿದರು, ಕೆಳಗಿನ ಸಾಲುಗಳನ್ನೂ ತನ್ನದಾಗಿಸಿದರು. ಚಿತ್ರ ಮತ್ತು ಬರಹ ಎರಡೂ ಇರುವ ಒಂದು ಪುಟದ ಕಾಮಿಕ್ಸ್ ಅಲ್ಲದೆ ಅದು ಮತ್ತೇನು?

ಇಟಲಿಯ ವನ್ನಾ ವಿಂಚಿ ಫ್ರೀಡಾ ಬಗ್ಗೆ ಇಡೀ ಕಾಮಿಕ್ಸ್ ಪುಸ್ತಕವನ್ನೇ ತಂದಿದ್ದಾರೆ, ಅದು ದೊಡ್ಡವರಿಗೆ. ಮಕ್ಕಳಿಗೆಂದು ಬರೆಯುವಾಗ ಮುಡಿಯ ಹೂವು, ಬಣ್ಣದ ಉಡುಪನ್ನಷ್ಟೇ ಉಳಿಸಿ ಹಾಸಿಗೆಯನ್ನು ಮರೆಮಾಡುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಕುಂಟುತ್ತಾ ಶಾಲೆಗೆ ಬರುವ ಮಗುವಿಗೆ ಬೇಕಾದದ್ದೇ ಆ ಪುಟ. 1953ರಲ್ಲಿ ಸ್ವದೇಶದ ತನ್ನ ಮೊದಲ ಏಕವ್ಯಕ್ತಿ ಪ್ರದರ್ಶನಕ್ಕೆ ಫ್ರೀಡಾ ಬಂದದ್ದೂ ಮಂಚದ ಮೇಲೆಯೇ. ಮರುವರ್ಷ ತೀರಿಕೊಂಡರು.

ನಮ್ಮಲ್ಲೂ ಬರೆಯಬೇಕಾದವರಿದ್ದಾರೆ. 1886ರಲ್ಲಿ ಹುಟ್ಟಿದ ಕೆ. ವೆಂಕಟಪ್ಪ ಮೈಸೂರಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತವರು, ವೀಣೆಯನ್ನೂ ಸಾಧಿಸಿದವರು. ಕಸ್ತೂರ್ಬಾ ರಸ್ತೆಯ ಕಲಾ ಗ್ಯಾಲರಿಗೆ ಅವರದೇ ಹೆಸರು. ವಿಜಯನಗರದಲ್ಲಿ ಮೆಟ್ರೋ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ಆ ರಸ್ತೆ ಹತ್ತಿರವೇ. ಅವರ ಬದುಕನ್ನು ಎರಡು ಪುಟಗಳ ಚೌಕಗಳಲ್ಲಿ ಬರೆದು ಕೊಡಿ, ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಜಾಗ ಕೇಳುತ್ತೇನೆ. ಮೊದಲ ಚೌಕದಲ್ಲಿ ಪ್ರಶಸ್ತಿ, ಹಾರ ಬೇಡ. ಮನೆಬಿಟ್ಟು ಕಲ್ಕತ್ತೆಗೆ ಹೊರಟ ಹುಡುಗನ ಅಕ್ಕಪಕ್ಕ ಯಾರ್ಯಾರು ಕೂತಿದ್ದಿರಬಹುದು? ಅಲ್ಲಿಂದ ಶುರುಮಾಡಿ.