ಮೆಟ್ಟಿನ ಮೇಲಿನ ಮುದ್ರೆ



ನುಡಿಯ ಹಬ್ಬದಲ್ಲಿ ಕಾಲ್ಮೆಟ್ಟಿನ ಮಾತೇಕೆಂದು ತಾವು ಕೇಳಬಹುದು. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದ ಕಥೆಯನ್ನು ಕೇಳುತ್ತ ಬೆಳೆದವರು ನಾವು. ಆ ಚಮ್ಮಾವುಗೆಗೆ ಮುದ್ರೆ ಬೇಕಿರಲಿಲ್ಲ. ಮಾಡಿದವರೇ ಎದುರು ನಿಂತಿದ್ದರು. ಇಂದು ಮಾಡುವವರಿಗೂ ಮೆಟ್ಟುವವರಿಗೂ ನಡುವೆ ಕಡಲುಗಳೇ ಇವೆ. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಕೊಲ್ಹಾಪುರಿಯನ್ನೇ ಹೋಲುವ ಮೆಟ್ಟುಗಳನ್ನು ಮೂಲದ ಹೆಸರೆತ್ತದೆ ಮಿಲಾನಿನಲ್ಲಿ ಪ್ರದರ್ಶಿಸಿತು. ಆಕ್ಷೇಪ ಬಂದ ಬಳಿಕವೇ ಭಾರತದ ಕುಶಲಕರ್ಮಿಗಳ ಋಣವನ್ನು ಒಪ್ಪಿತು.

ಆ ಹೆಸರಿಗೆ 2018ರ ಡಿಸೆಂಬರಿನಲ್ಲಿಯೇ ಭೌಗೋಳಿಕ ಸೂಚಕದ ರಕ್ಷಣೆ ದೊರೆತಿತ್ತು. ಅದರ ಸೀಮೆ ಎಂಟು ಜಿಲ್ಲೆಗಳದು: ಇತ್ತ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಅತ್ತ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಒಡೆತನವೂ ಎರಡು ರಾಜ್ಯಗಳ ಚರ್ಮೋದ್ಯೋಗ ನಿಗಮಗಳದು. ಗಡಿಯ ವ್ಯಾಜ್ಯವು ಚಪ್ಪಲಿಯ ಮಟ್ಟಿಗಾದರೂ ಬಗೆಹರಿಯಿತೆನ್ನಬೇಕು! ಆದರೆ ಅಥಣಿ, ನಿಪ್ಪಾಣಿಗಳ ಮನೆಗಳಲ್ಲಿ ಹೊಲಿದ ಜೋಡೂ ಪೇಟೆಯಲ್ಲಿ ಕೊಲ್ಹಾಪುರದ ಹೆಸರನ್ನೇ ಹೊರುತ್ತದೆ. ಹೆಸರಿನ ಮೇಲೆ ನಮಗೆ ಮತ್ಸರವಿಲ್ಲ. ಕೈಗಳ ಗುರುತು ಅಳಿಯಬಾರದು.

ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ಹದಗೊಂಡ ಚರ್ಮ, ಮೊಳೆಯಿಲ್ಲದೆ ಚರ್ಮದ ದಾರದಿಂದ ಹಾಕಿದ ಹೊಲಿಗೆ, ಹೆಣ್ಣುಮಕ್ಕಳು ಕುಳಿತು ಹೆಣೆದ ಪಟ್ಟಿ: ಮುದ್ರೆಯು ಸಾಕ್ಷಿ ನುಡಿಯಬೇಕಾದುದು ಇವಕ್ಕೆ. ಕೇಂದ್ರ ಸರಕಾರವು 2018ರಲ್ಲಿ ಹೊರತಂದ ಲಾಂಛನವು ದಾರ್ಜಿಲಿಂಗದ ಚಹಕ್ಕೂ ಇಳಕಲ್ಲಿನ ಸೀರೆಗೂ ಸಮಾನವಾದುದು; ಮೆಟ್ಟಿಗೆ ತನ್ನದೇ ಗುರುತೂ ಬೇಕು. ಮಹಾರಾಷ್ಟ್ರದ ನಿಗಮವು 2025ರಲ್ಲಿ, ಮಾಡಿದವರ ಹೆಸರು, ಊರುಗಳನ್ನು ತೋರಿಸುವ ಕ್ಯೂಆರ್ ಸಂಕೇತದ ಏರ್ಪಾಡನ್ನು ತಂದಿತು. ಒಳ್ಳೆಯ ಕೆಲಸ. ಆದರೆ ಸಂತೆಯಲ್ಲಿ ಜೋಡು ಕೊಳ್ಳುವ ಹಿರಿಯರು ಮೊಬೈಲು ಹಿಡಿದು ನಿಲ್ಲುವರೇ? ಬರಿಗಣ್ಣಿಗೆ ಕಾಣುವಂತೆ ಚರ್ಮದಲ್ಲಿಯೇ ಒತ್ತಿದ ಮುದ್ರೆಯೂ ಇರಲಿ.

ಅದರಲ್ಲಿ ಏನಿರಬೇಕು? ಕೊಲ್ಹಾಪುರವೆಂದೊಡನೆ ಮಹಾಲಕ್ಷ್ಮಿಯ ಗುಡಿ ನೆನಪಾಗುತ್ತದೆ. ಕಾಲಿಗೆ ಮೆಟ್ಟುವ ವಸ್ತುವಿನ ಮೇಲೆ ದೇವರ ಚಿಹ್ನೆ ಸಲ್ಲದು. ಹೆಣಿಗೆಯ ಚಿತ್ರವೊಂದೇ ಸಾಕು. ಜೊತೆಗೆ ಮಾಡಿದ ಊರಿನ ಹೆಸರು, ನಾಗರಿಯಲ್ಲಿಯೂ ಕನ್ನಡದಲ್ಲಿಯೂ. ಅಕ್ಷರವನ್ನು ತುಳಿಯಬಹುದೇ ಎಂಬವರಿಗೆ ನಮ್ಮ ಉತ್ತರ: ಅಟ್ಟೆಯ ಮೇಲೆ ಬೇಡ, ಪಾದದ ಮೇಲೆ ಬರುವ ಪಟ್ಟಿಯಲ್ಲಿ ಒತ್ತಲಿ. ಅಲ್ಲಿ ಸವೆತವೂ ಕಡಿಮೆ. ಒತ್ತಕ್ಷರಗಳು ಚರ್ಮದಲ್ಲಿ ಕೂಡಿಕೊಂಡು ಮಸಕಾಗದಷ್ಟು ದೊಡ್ಡವಾಗಿರಲಿ. ಕನ್ನಡ ಮಾಸ್ತರರ ಹಟವೆಂದು ನಗಬೇಡಿ.

ಈ ಹೆಸರನ್ನು ಬಳಸುವ ಕುಶಲಕರ್ಮಿಯು ಅಧಿಕೃತ ಬಳಕೆದಾರನೆಂದು ನೋಂದಾಯಿಸಿಕೊಳ್ಳಬೇಕು. ಸಾಂಗಲಿ ಜಿಲ್ಲೆಯು ಸೀಮೆಯೊಳಗಿರುವುದರಿಂದ ಜತ್ತ ತಾಲೂಕಿನಲ್ಲಿ ಈ ಕಸುಬು ಹಿಡಿದವರಿಗೂ ಆ ದಾರಿ ತೆರೆದಿದೆ. ಅವರ ಅರ್ಜಿಗಳನ್ನು ತುಂಬಿಕೊಡುವ ಕೆಲಸವನ್ನು ನಮ್ಮ ಸಂಘವು ಈ ವರ್ಷವೇ ಕೈಗೊಳ್ಳಲೆಂದು ಕೋರುತ್ತೇವೆ.